ನವಾರಿನ ನಡುಪಟ್ಟಿ

ನನ್ನ ಶೆಡ್ಡಿಗೆ ಬರುತ್ತಿದ್ದ ಡ್ರೈವರುಗಳು ಹೊಸ ಲಾರಿಯಲ್ಲಿ ಮೊದಲು ಪರೀಕ್ಷೆ ಮಾಡುತ್ತಿದ್ದುದು ತಮ್ಮ ಪಕ್ಕದ ಬಾಗಿಲನ್ನು. ಸೀಟಿನ ಮೇಲೆ ಕೂತು, ಸ್ಟೀರಿಂಗ್ ಹಿಡಿದು, ಬಲ ಮೊಣಕೈಯಿಂದ ಚಿಲಕಕ್ಕೆ ಒಂದು ಗುದ್ದು ಕೊಡುವರು. ಬಾಗಿಲು ಪಟ್ಟನೆ ತೆರೆದುಕೊಂಡರೆ ತಲೆಯಾಡಿಸುವರು. ಸ್ವಲ್ಪ ತಡೆದರೂ ಮುಖ ಗಂಟುಹಾಕಿಕೊಂಡು ಇಳಿದುಬಿಡುವರು. ಬ್ರೇಕು ಹೇಗಿದೆ ಅಂತ ಕೇಳಿದವರಿಗಿಂತ ಬಾಗಿಲು ಹೇಗಿದೆ ಅಂತ ಕೇಳಿದವರೇ ಹೆಚ್ಚು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಆಗ ಲಾರಿ ಅಂತ ಕಡೂರಿಗೆ ಬರುತ್ತಿದ್ದುದು ಬರೀ ಚಾಸಿ. ಚಕ್ರ, ಇಂಜಿನ್ನು, ಮುಂದಿನ ಮೂತಿ, ಮುಗಿಯಿತು. ಅದನ್ನು ಓಡಿಸಿಕೊಂಡು ಬರುವ ಡ್ರೈವರು ಒಂದು ಮರದ ಪೆಟ್ಟಿಗೆಯ ಮೇಲೆ ಕೂತು, ತಲೆಗೆ ಟವೆಲು ಸುತ್ತಿಕೊಂಡು, ದೂಳು ಕುಡಿಯುತ್ತ ಬರುತ್ತಿದ್ದ. ಕ್ಯಾಬಿನ್ನು, ಸೀಟು, ಬಾಗಿಲು, ಹಿಂದಿನ ಬಾಡಿ ಎಲ್ಲ ನಮ್ಮಂಥ ಬಡಗಿಗಳ ಕೆಲಸ. ಹೊನ್ನೆಯ ಚೌಕಟ್ಟು, ಮತ್ತಿಯ ಹಲಗೆ, ಮೇಲೆ ತಗಡು. ಡ್ರೈವರುಗಳು ಕೇಳುತ್ತಿದ್ದ ಆ ಬಾಗಿಲಿಗೆ ನಾವು ಇಟ್ಟಿದ್ದ ಹೆಸರು ಮೊಣಕೈ ಬಾಗಿಲು.

ಅದು ಯಾಕೆ ಬೇಕು ಅಂದರೆ, ಹಾರುವುದಕ್ಕೆ. ಬ್ರೇಕು ಹೋಯಿತು, ಟೈರು ಸಿಡಿಯಿತು, ಎದುರಿಗೆ ಬಸ್ಸು ಬಂತು, ಇನ್ನೇನು ಗತಿಯಿಲ್ಲ ಅನ್ನಿಸಿದಾಗ ಬಾಗಿಲು ಒದ್ದು ಹಾರಿಕೊಳ್ಳಬೇಕು. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತರೆ ಹಾರಿದ ಕಥೆಗಳು ಬೇಕಾದಷ್ಟು ಸಿಗುತ್ತಿದ್ದವು. ಒಬ್ಬ ಹುಲ್ಲಿನ ಮೆದೆಯ ಮೇಲೆ ಬಿದ್ದನಂತೆ, ಇನ್ನೊಬ್ಬ ಕೆರೆಯ ನೀರಿಗೆ ಬಿದ್ದನಂತೆ. ಕೇಳಿ ಕೇಳಿ ನನಗೂ ಅದೇ ಸತ್ಯ ಅನ್ನಿಸಿಬಿಟ್ಟಿತ್ತು. ಹಾರಿ ಸತ್ತವರು ಹೋಟೆಲಿಗೆ ಬಂದು ಕಥೆ ಹೇಳುವುದಿಲ್ಲ ಅನ್ನುವಷ್ಟು ಬುದ್ಧಿ ನನಗೆ ಆಗ ಓಡಲಿಲ್ಲ.

ತರೀಕೆರೆಯಲ್ಲಿ ಒಬ್ಬ ಹಿರಿಯ ಡ್ರೈವರು ಇದ್ದರು. ಎರಡು ಸಲ ಹಾರಿ ಉಳಿದಿದ್ದವರು. ಅಜ್ಜಂಪುರದ ಈರುಳ್ಳಿ ಸಾಹುಕಾರರ ಲಾರಿ ಓಡಿಸುತ್ತಿದ್ದರು. ಅವರ ಲಾರಿಗೆ ನಾನು ಕ್ಯಾಬಿನ್ನು ಕಟ್ಟುವಾಗ, ಇಡೀ ರಸ್ತೆಯಲ್ಲಿ ಇಲ್ಲದಂಥ ಬಾಗಿಲು ಬೇಕು ಅಂದರು. ನನಗೂ ಹುಮ್ಮಸ್ಸು. ಸೈಕಲ್ ಕ್ಯಾರಿಯರಿನ ಸ್ಪ್ರಿಂಗು ಬಿಚ್ಚಿ, ಕುಲುಮೆಯಲ್ಲಿ ಕಬ್ಬಿಣದ ಒಂದು ನಾಲಿಗೆ ಬಡಿಸಿ, ಮೊಣಕೈ ಸೋಕಿದರೆ ಸಾಕು ತೆರೆದುಕೊಳ್ಳುವ ಚಿಲಕ ಮಾಡಿಕೊಟ್ಟೆ. ಅವರು ನಾಲ್ಕು ಸಲ ತೆರೆದು ಮುಚ್ಚಿ, ನನ್ನ ಬೆನ್ನು ತಟ್ಟಿದರು. ಎಡಗಡೆಯ ಬಾಗಿಲಿಗೆ ಅಷ್ಟು ನಿಗಾ ಕೊಟ್ಟಿರಲಿಲ್ಲ. ಮಳೆಗಾಲದಲ್ಲಿ ಅದರ ಮರ ಊದಿಕೊಂಡು ಭದ್ರವಾಗಿ ಕಚ್ಚಿಕೊಂಡಿತು. ಆ ಕಡೆ ಕೂರುತ್ತಿದ್ದ ಹಮಾಲಿ ಕಿಟಕಿಯಿಂದ ಹತ್ತಿ ಇಳಿಯುತ್ತ ನನ್ನನ್ನು ಬೈಯುತ್ತಿದ್ದ.

ಒಂದು ಮಧ್ಯಾಹ್ನ ಬೀರೂರು ದಾಟಿ ತರೀಕೆರೆ ಕಡೆಗೆ ಹೋಗುವಾಗ ಆ ಲಾರಿಯ ಮುಂದಿನ ಟೈರು ಸಿಡಿಯಿತು. ಲಾರಿ ಬಲಕ್ಕೆ ಎಳೆದುಕೊಂಡು ರಸ್ತೆ ಬಿಟ್ಟು, ಹೊಲದ ಬದುವಿನ ಮೇಲೆ ಒರಗಿತು. ದೊಡ್ಡ ಬೀಳಾಟವೇನಲ್ಲ. ಆದರೆ ಆ ಕುಲುಕಿಗೆ ಡ್ರೈವರರ ಮೈ ಬಾಗಿಲಿಗೆ ತಗುಲಿದೆ, ಬಾಗಿಲು ಪಟ್ಟನೆ ತೆರೆದಿದೆ. ಅವರು ಹಾರಲಿಲ್ಲ, ಬಿದ್ದರು. ಲಾರಿ ಅವರ ಮೇಲೆ ಒರಗಿತು. ಎಡಗಡೆ ಕೂತಿದ್ದ ಹಮಾಲಿಯ ಹಣೆಯಲ್ಲಿ ಒಂದು ಬುಗುಟು ಎದ್ದಿತ್ತು, ಅಷ್ಟೇ.

ಲಾರಿಯನ್ನು ಎಳೆತಂದು ನನ್ನ ಶೆಡ್ಡಿನಲ್ಲೇ ನಿಲ್ಲಿಸಿದರು. ಒಳಗೆ ಹತ್ತಿ ನೋಡಿದೆ. ದೇವರ ಪಟದ ಗಾಜು ಒಡೆದಿರಲಿಲ್ಲ. ಎಲೆಯಡಿಕೆ ಚೀಲ ಮೊಳೆಯಲ್ಲಿ ಹಾಗೇ ನೇತಾಡುತ್ತಿತ್ತು. ಸೀಟಿನ ಮೇಲೆ ಹಾಸಿದ್ದ ಟವೆಲು ಕೂಡ ಜರುಗಿರಲಿಲ್ಲ. ಅಪಘಾತ ನೋಡಲು ಬಂದಿದ್ದ ಮೋಟಾರ್ ಇನ್‌ಸ್ಪೆಕ್ಟರು ಸೀಟನ್ನು ಒಂದು ಸಲ, ಬಾಗಿಲನ್ನು ಒಂದು ಸಲ ನೋಡಿ, ಫಾರಿನ್ ಕಾರುಗಳಲ್ಲಿ ಸೀಟಿಗೆ ಒಂದು ಬೆಲ್ಟ್ ಇರುತ್ತದೆ, ಅದಿದ್ದಿದ್ದರೆ ಈ ಮನುಷ್ಯ ಎದ್ದು ಬಂದು ಬೀಡಿ ಸೇದುತ್ತಿದ್ದ ಅಂದರು. ಸುಮ್ಮನೆ ಆಡಿದ ಮಾತು. ಬರೆದುಕೊಂಡು ಹೊರಟುಹೋದರು.

ನಾನು ಎರಡು ದಿನ ಉಳಿ ಮುಟ್ಟಲಿಲ್ಲ. ನಾನು ಕೆಟ್ಟದಾಗಿ ಮಾಡಿದ ಬಾಗಿಲು ಒಬ್ಬನನ್ನು ಉಳಿಸಿತ್ತು, ನಾನು ಮನಸ್ಸಿಟ್ಟು ಮಾಡಿದ ಬಾಗಿಲು ಒಬ್ಬರನ್ನು ಹೊರಗೆ ಹಾಕಿತ್ತು. ಇದನ್ನು ಯಾರ ಹತ್ತಿರ ಹೇಳಲಿ? ಹೆಂಡತಿಗೆ ಹೇಳಿದರೆ, ಹಣೆಬರಹಕ್ಕೆ ನೀವೇನು ಮಾಡ್ತೀರಿ ಅಂದಳು. ಹಣೆಬರಹಕ್ಕೆ ಸೈಕಲ್ ಸ್ಪ್ರಿಂಗು ಹಾಕಿದವನು ನಾನೇ ಅಲ್ಲವೇ ಅಂತ ಸಂಕಟವಾಗುತ್ತಿತ್ತು.

ಸಾಹುಕಾರರು ಲಾರಿಗೆ ಹೊಸ ಡ್ರೈವರನ್ನು ಗೊತ್ತುಮಾಡಿದರು. ಸಿಂಗಟಗೆರೆಯವನು. ಮೂವತ್ತರ ಆಸುಪಾಸು, ಕಡಿಮೆ ಮಾತು, ಹಣೆಯಲ್ಲಿ ಅಳಿಯದ ವಿಭೂತಿ. ಅಪ್ಪ ಇಲ್ಲದ ಮನೆ, ಇದ್ದವಳು ತಾಯಿ ಒಬ್ಬಳೇ, ಅವಳಿಗೂ ಇವನೊಬ್ಬನೇ. ಬಂದವನೇ ಬಾಗಿಲ ಜಾಗ ತೋರಿಸಿ, ಮುಂಚೆ ಇದ್ದಂಥದ್ದೇ ಮಾಡಿ ಮೇಸ್ತ್ರಿ ಅಂದ. ನಾನು ಆಗಲ್ಲ ಅಂದೆ. ಎರಡು ಸಲ ಎಳೆದರೆ ಮಾತ್ರ ತೆರೆಯುವ ಚಿಲಕ ಹಾಕುತ್ತೇನೆ, ಸೀಟಿಗೆ ಬೆಲ್ಟನ್ನೂ ಹಾಕುತ್ತೇನೆ ಅಂದೆ. ಅವನು ಸಾಹುಕಾರರ ಮುಖ ನೋಡಿದ. ಅವರು ನನ್ನ ಮುಖ ನೋಡಿದರು. ಹಳೆಯ ಡ್ರೈವರರ ಹೆಣ ಹೊತ್ತವರಲ್ಲಿ ಅವರೂ ಒಬ್ಬರು. ನಿಂಗೆ ತಿಳಿದಂಗೆ ಮಾಡು, ಆದ್ರೆ ಓಡ್ಸೋನು ಅವ್ನು, ಅವ್ನು ಒಪ್ಬೇಕು ಅಂದು ಕೈತೊಳೆದುಕೊಂಡರು.

ಬೆಲ್ಟ್ ಅಂತ ಹೇಳಿದ್ದೇನೋ ಸರಿ, ನಾನು ಕಣ್ಣಲ್ಲಿ ಕಂಡವನಲ್ಲ. ಮೊದಲು ಹಿಟ್ಟಿನ ಗಿರಣಿಯ ಹಳೆ ಬೆಲ್ಟ್ ತಂದೆ. ಕಬ್ಬಿಣದ ಹಾಗೆ ಬಿರುಸು, ಅಂಚು ತೊಡೆಗೆ ಕೊಯ್ಯುತ್ತಿತ್ತು. ಆಮೇಲೆ ಜಟಕಾ ಗಾಡಿಯ ಕುದುರೆಗೆ ಕಟ್ಟುವ ಚರ್ಮದ ಪಟ್ಟಿ ನೋಡಿದೆ. ಡ್ರೈವರುಗಳು, ಬಾಯಿಗೆ ಕಡಿವಾಣಾನೂ ಹಾಕ್ಬಿಡಿ ಮೇಸ್ತ್ರಿ ಅಂತ ನಕ್ಕರು. ಕೊನೆಗೆ ಮನೆಯ ಮಂಚದ ನವಾರೇ ಸರಿಹೋಯಿತು. ಅಂಗೈಯಗಲದ ಹತ್ತಿಯ ಪಟ್ಟಿ, ಮೆತ್ತಗೆ. ಒಂದೇ ಪದರವಾದರೆ ಹಿಗ್ಗುತ್ತದೆ. ಮೂರು ಪದರ ಮಡಚಿ, ಚಪ್ಪಲಿ ಹೊಲಿಯುವವರ ಹತ್ತಿರ ಮೇಣದ ದಾರದಲ್ಲಿ ಅಡ್ಡಡ್ಡ ಹೊಲಿಸಿದೆ. ಆ ತಿಂಗಳು ನನ್ನ ಹೆಂಡತಿ ಚಾಪೆಯ ಮೇಲೆ ಮಲಗಿದಳು, ನನ್ನನ್ನೂ ಮಲಗಿಸಿದಳು.

ಪಟ್ಟಿಯ ಎರಡು ತುದಿಯನ್ನು ಸೀಟಿನ ಹಲಗೆಗೆ ಸ್ಕ್ರೂ ಹಾಕಿ ಬಿಗಿದೆ. ಗಟ್ಟಿ ಇದೆಯೋ ಇಲ್ಲವೋ ನೋಡಬೇಕಲ್ಲ. ಶೆಡ್ಡಿನ ಹಿಂದೆ ಒಂದು ಇಳಿಜಾರು, ಅದರ ಕೊನೆಯಲ್ಲಿ ಇಟ್ಟಿಗೆ ಸುಡುವವರು ಬಿಟ್ಟುಹೋದ ಮಣ್ಣಿನ ದಿಬ್ಬ. ಒಬ್ಬ ಆಳಿನ ತೂಕದ ಮರಳನ್ನು ಗೋಣಿಚೀಲಕ್ಕೆ ತುಂಬಿ, ಸೀಟಿನ ಮೇಲೆ ಕೂರಿಸಿ ಬಿಗಿದೆ. ಸ್ಟೀರಿಂಗನ್ನು ಹಗ್ಗದಲ್ಲಿ ಕಟ್ಟಿ ಲಾರಿಯನ್ನು ಇಳಿಜಾರಿಗೆ ಬಿಟ್ಟೆವು. ಹೇಗೂ ಬದುವಿಗೆ ತಗುಲಿ ಮುಂಭಾಗ ನುಗ್ಗಾಗಿತ್ತು, ಸಾಹುಕಾರರಿಗೆ ಹೇಳಲಿಲ್ಲ. ಲಾರಿ ದಿಬ್ಬಕ್ಕೆ ಗುದ್ದಿ ನಿಂತಿತು. ಚೀಲ ನಿಲ್ಲಲಿಲ್ಲ. ಪಟ್ಟಿ ಹರಿಯಲಿಲ್ಲ, ಸ್ಕ್ರೂ ಕಿತ್ತಿರಲಿಲ್ಲ, ಸೀಟೇ ಬುಡಸಮೇತ ಎದ್ದು ಚೀಲವನ್ನು ಹೊತ್ತುಕೊಂಡು ಮುಂದಿನ ಕಿಟಕಿಯಿಂದ ಆಚೆ ಹೋಗಿ ಕೂತಿತ್ತು. ನೋಡಲು ಬಂದಿದ್ದ ಹಮಾಲಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೂ ನಗು ಬಂತು, ಆಮೇಲೆ ಆ ಚೀಲದ ಜಾಗದಲ್ಲಿ ಆ ಸಿಂಗಟಗೆರೆಯವನನ್ನು ನೆನೆಸಿಕೊಂಡು ನಗು ನಿಂತಿತು.

ಸೀಟನ್ನು ನಂಬಿದರೆ ಆಗದು, ಚಾಸಿಗೇ ಹಿಡಿಸಬೇಕು ಅಂತ ಗೊತ್ತಾಯಿತು. ಚಾಸಿಯ ಉಕ್ಕಿಗೆ ತೂತು ಕೊರೆದರೆ ಅದು ಅಲ್ಲೇ ಸೀಳುತ್ತದೆ. ಆದ್ದರಿಂದ ಹಿಂದಿನ ಬಾಡಿಯನ್ನು ಹಿಡಿಯುವ ಯೂ-ಬೋಲ್ಟಿನಂಥದ್ದೇ ಎರಡು ಬೋಲ್ಟು ಮಾಡಿಸಿ ಚಾಸಿಯನ್ನು ಸುತ್ತುಹಾಕಿ ಬಿಗಿದೆ. ಅದರಿಂದ ಕಬ್ಬಿಣದ ಎರಡು ಕಿವಿ ಮೇಲಕ್ಕೆ ಎಬ್ಬಿಸಿ ನೆಲದ ಹಲಗೆಯಲ್ಲಿ ತೂರಿಸಿದೆ. ಪಟ್ಟಿ ಹೊಟ್ಟೆಯ ಮೇಲೆ ಬರಬಾರದು, ಕೆಳಗೆ ಸೊಂಟದ ಮೂಳೆಯ ಮೇಲೆ ಕೂರಬೇಕು, ಇಲ್ಲದಿದ್ದರೆ ಕರುಳಿಗೆ ಏಟು. ಇದು ನಾನೇ ಕಟ್ಟಿಕೊಂಡು, ಜಗ್ಗಿಸಿಕೊಂಡು ಕಲಿತದ್ದು. ಮತ್ತೆ ಚೀಲ ಕೂರಿಸಿ ಲಾರಿ ಬಿಟ್ಟೆವು. ಗುದ್ದಿತು. ಚೀಲ ಮುಂದಕ್ಕೆ ಬಾಗಿ, ನಮಸ್ಕಾರ ಮಾಡಿ, ಹಿಂದಕ್ಕೆ ಬಂದು ಕೂತಿತು. ಈ ಸಲ ಯಾರೂ ನಗಲಿಲ್ಲ.

ಉಳಿದದ್ದು ಪಟ್ಟಿಯನ್ನು ಸೇರಿಸುವ ಜಾಗ. ಲಾರಿಯ ಹಿಂಬಾಗಿಲಿಗೆ ಹಾಕುವ ಪಿನ್ನಿನಂಥದ್ದೇ ಒಂದು ಪಿನ್ನು, ಅದಕ್ಕೆ ಒಂದು ರಿಂಗು. ಡ್ರೈವರುಗಳು ಪಂಚೆ ಉಡುವವರು, ಬೀಡಿ ಬೆಂಕಿಪೊಟ್ಟಣ ಎಲ್ಲ ಸೊಂಟದ ಮುಂದುಗಡೆ ಸಿಕ್ಕಿಸಿಕೊಳ್ಳುವವರು. ಮುಂದೆ ಪಿನ್ನು ಇಟ್ಟರೆ ಒತ್ತುತ್ತದೆ ಅಂತ ಹೇಳಿ, ನಾನು ಅದನ್ನು ಸೀಟಿನ ಬೆನ್ನಿಗೆ, ಹಿಂದುಗಡೆ ಇಟ್ಟೆ. ಡ್ರೈವರು ಕೂತ ಮೇಲೆ ಪಕ್ಕದ ಹಮಾಲಿ ಹಾಕಿಕೊಡಲಿ ಅಂತ ನನ್ನ ಲೆಕ್ಕ. ಬಹಳ ಚೆನ್ನಾಗಿ ಯೋಚನೆ ಮಾಡಿದ್ದೇನೆ ಅಂತ ನನಗೆ ನಾನೇ ಮೆಚ್ಚಿಕೊಂಡೆ.

ಸಿಂಗಟಗೆರೆಯವನು ಲಾರಿ ತೆಗೆದುಕೊಂಡು ಹೋಗಲು ಬಂದ. ಸೀಟಿಗೆ ಹತ್ತಿ ಕೂತ. ನಾನು ಹಿಂದಿನಿಂದ ಪಟ್ಟಿ ಎಳೆದು, ಬಿಗಿಮಾಡಿ, ಪಿನ್ನು ಹಾಕಿದೆ. ಅವನು ಕುತ್ತಿಗೆ ತಿರುಗಿಸದೆ, ಸಣ್ಣ ದನಿಯಲ್ಲಿ, ಬಿಚ್ಚಿ ಮೇಸ್ತ್ರಿ ಅಂದ. ಬಿಚ್ಚಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಕೆಳಗಿಳಿದು, ಚಪ್ಪಲಿ ಮೆಟ್ಟಿಕೊಂಡು, ಬಸ್ ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ತಿಂಗಳ ಕೆಲಸ, ಮನೆಯ ಮಂಚ ಹಾಳುಮಾಡಿದ್ದೇನೆ, ಇವನು ಒಂದು ಮಾತು ಹೇಳದೆ ಎದ್ದು ಹೋಗುವುದೇ? ಮೂರು ದಿನ ಕಾದೆ, ಬರಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಬಸ್ಸು ಹಿಡಿದು ಸಿಂಗಟಗೆರೆಗೆ ಹೋದೆ. ಚೆನ್ನಾಗಿ ನಾಲ್ಕು ಮಾತು ಬೈದು ಬರಬೇಕು ಅಂತಲೇ ಹೋದದ್ದು.

ಮನೆಯಲ್ಲಿ ಅವನ ತಾಯಿ ಇದ್ದಳು. ಬೆಲ್ಲ, ನೀರು ಕೊಟ್ಟಳು. ಅವನು ಜಗಲಿಯ ಮೇಲೆ ಕೂತು, ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದ, ತಲೆ ಎತ್ತಲಿಲ್ಲ. ನಾನು ಬಂದ ವಿಷಯ ಹೇಳಿ, ದನಿ ಏರಿಸಿದೆ. ಬೆಲ್ಟಿನಲ್ಲಿ ಏನು ದೋಷ ಕಂಡೆ, ಅದಾದರೂ ಹೇಳು ಅಂದೆ. ತಾಯಿ ಹೇಳಿದಳು.

"ನಮ್ಮಲ್ಲಿ ಕೂರ್ಸಿ ಕಟ್ಟೋದು ಸತ್ತೋರ್ನ ಕಣಪ್ಪಾ. ಇವ್ನಿಗೆ ಹನ್ನೆರಡು ವರ್ಷ ಅವಾಗ. ಅವ್ರಪ್ಪನ್ನ ಗೋಡೆಗೆ ಒರಗ್ಸಿ ಕಟ್ಟುವಾಗ ಬೀಳ್ದಂಗೆ ಹಿಡ್ಕೊಂಡಿದ್ದೋನು ಇವ್ನೇ. ಕಟ್ಟಿದ್ದನ್ನ ಯಾರೂ ಬಿಚ್ಚಲಿಲ್ಲ. ಹಂಗೇ ಕರ್ಕೊಂಡೋದ್ರು."

ನಾನು ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದವನು. ಕೊರಳಲ್ಲಿ ಲಿಂಗ ಕಟ್ಟುವ ಅವರ ಪೈಕಿ ಯಾರಾದರೂ ತೀರಿಕೊಂಡರೆ, ಮೈತೊಳೆದು, ವಿಭೂತಿ ಹಚ್ಚಿ, ಕೂರಿಸಿ, ಬೀಳದ ಹಾಗೆ ಹಿಂದಿನಿಂದ ಬಟ್ಟೆ ಕಟ್ಟಿ, ಕೂತ ಹಾಗೇ ವಿಮಾನ ಅನ್ನುವ ಅಲಂಕಾರದ ಚಟ್ಟದಲ್ಲಿ ಹೊತ್ತುಕೊಂಡು ಹೋಗುವುದನ್ನು ಎಷ್ಟು ಸಲ ನೋಡಿಲ್ಲ? ಎಷ್ಟು ವಿಮಾನಕ್ಕೆ ನಾನೇ ಹಲಗೆ ಬಡಿದುಕೊಟ್ಟಿಲ್ಲ? ಆದರೂ ಬದುಕಿದ್ದವನನ್ನು ಕೂರಿಸಿ, ಹಿಂದಿನಿಂದ ಕಟ್ಟಿ, ಹೇಗಿದೆ ಅಂತ ಕೇಳಿದ್ದೆ. ಬೈಯಲು ಹೋದವನು ನಾಚಿಕೆಯಿಂದ ಬೆಲ್ಲದ ಚೂರು ನೋಡುತ್ತ ಕೂತೆ. ಆಮೇಲೆ, ಆಯ್ತು ಬಿಡು, ನಿನಗೆ ಮೊಣಕೈ ಬಾಗಿಲನ್ನೇ ಹಾಕಿಕೊಡುತ್ತೇನೆ ಅಂದೆ.

ಆಗ ಅವನು ತಲೆ ಎತ್ತಿದ. "ನಂಗೂ ಸಾಯೋ ಆಸೆ ಇಲ್ಲ ಮೇಸ್ತ್ರಿ. ಆ ಬಾಗ್ಲಲ್ಲಿ ಆ ಯಜಮಾನ್ರು ಹೆಂಗೆ ಹೋದ್ರು ಅಂತ ನಂಗೂ ಗೊತ್ತೈತೆ. ಆದ್ರೆ ಇದುನ್ನ ಕಟ್ಟಿದ ತಕ್ಷಣ ನಮ್ಮಪ್ಪ ಕಣ್ಮುಂದೆ ಬಂದ್ಬಿಟ್ಟ."

ಅಯ್ಯನವರನ್ನು ಒಂದು ಮಾತು ಕೇಳೋಣ ಅಂದವಳು ತಾಯಿ. ಊರಿನ ಮಠದ ಅಯ್ಯನವರು ಎಂದರೆ ಎಲ್ಲರ ಮನೆಯ ಹುಟ್ಟು ಸಾವಿಗೂ ಮುಂದೆ ನಿಲ್ಲುವವರು. ಅವನ ಅಪ್ಪನನ್ನು ಕಟ್ಟಿದ್ದೂ ಅವರ ಕೈಗಳೇ. ಮೂವರೂ ಹೋದೆವು. ಎಂಬತ್ತು ದಾಟಿದ ಮುದುಕರು, ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ನಾನು ಎಲ್ಲ ಹೇಳಿದೆ. ಅವರು ಲಾರಿಯ ಬಗ್ಗೆ ಏನೂ ಕೇಳಲಿಲ್ಲ. ಎಷ್ಟು ಸುತ್ತು ಬರುತ್ತದೆ, ಗಂಟು ಎಲ್ಲಿ ಬರುತ್ತದೆ, ಹಾಕುವವರು ಯಾರು, ಬಿಚ್ಚುವವರು ಯಾರು, ಇಷ್ಟು ಕೇಳಿದರು. ನಾನು ಒಂದೊಂದಾಗಿ ಉತ್ತರ ಕೊಡುತ್ತ ಹೋದ ಹಾಗೆ ನನ್ನ ತಪ್ಪು ನನಗೇ ಕಾಣತೊಡಗಿತು.

"ಲಾರಿ ವಿಷ್ಯ ನಂಗೆ ತಿಳೀದು ಕಣಯ್ಯಾ, ಗಂಟಿನ ವಿಷ್ಯ ಗೊತ್ತು," ಅಂದರು. "ಹೆಣಕ್ಕೆ ಬೇರೆಯೋರು ಕಟ್ತಾರೆ, ಬೆನ್ನಿಂದೆ ಕಟ್ತಾರೆ. ಬದುಕಿರೋನು ತಾನೇ ಕಟ್ಕೋತಾನೆ, ತಾನೇ ಬಿಚ್ಕೋತಾನೆ. ಕೊರಳಾಗಿರೋ ಶಿವದಾರ ದಿನಾ ಯಾರು ಹಾಕ್ಕೊಡ್ತಾರೆ ಇವ್ನಿಗೆ? ಇವ್ನೇ ತಾನೆ? ಪಟ್ಟೀನೂ ಇವ್ನ ಕೈಲೇ ಆಗೋ ಹಂಗೆ ಮಾಡು. ಇನ್ನೊಬ್ರು ಮುಟ್ಬಾರ್ದು."

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಹೊಳೆದದ್ದು ಇದು: ಅವರು ಹೇಳಿದ್ದು ಶಾಸ್ತ್ರ ಮಾತ್ರವಲ್ಲ, ನನ್ನ ಕೆಲಸದ ತಪ್ಪು ಕೂಡ. ಲಾರಿಗೆ ಬೆಂಕಿ ಬಿದ್ದರೆ, ಕೆರೆಗೆ ಬಿದ್ದರೆ, ಪಕ್ಕದ ಹಮಾಲಿಗೆ ಎಚ್ಚರವೇ ಇಲ್ಲದಿದ್ದರೆ, ಬೆನ್ನ ಹಿಂದಿನ ಪಿನ್ನನ್ನು ತೆಗೆಯುವವರು ಯಾರು? ಸತ್ತವನಿಗೆ ಮಾಡುವಂಥದ್ದನ್ನೇ ನಾನು ಮಾಡಿದ್ದೆ. ಅವನು ಹೆದರಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆಮೇಲೆ ಇಡೀ ಪಟ್ಟಿಯನ್ನು ಬಿಚ್ಚಿ ಹೊಸದಾಗಿ ಮಾಡಿದೆ. ಪಿನ್ನು ಮುಂದಕ್ಕೆ ಬಂತು, ಹೊಕ್ಕುಳಿನ ಕೆಳಗೆ ಸ್ವಲ್ಪ ಬಲಕ್ಕೆ. ಒತ್ತದ ಹಾಗೆ ಅದರ ಹಿಂದೆ ಒಂದು ಚರ್ಮದ ಮೆತ್ತೆ. ಆದರೆ ಹೊಸ ತೊಂದರೆ ಶುರುವಾಯಿತು. ಪಟ್ಟಿಯ ಮೇಲೆ ಭಾರ ಬಿದ್ದಾಗ ಪಿನ್ನು ಕಚ್ಚಿಕೊಂಡು ಬರುತ್ತಲೇ ಇರಲಿಲ್ಲ. ಮರಳಿನ ಚೀಲವನ್ನು ಶೆಡ್ಡಿನ ತೊಲೆಗೆ ನೇತುಹಾಕಿ, ಪಿನ್ನು ಎಳೆದು ಎಳೆದು ಬೆರಳು ಊದಿತು. ತುದಿಯನ್ನು ಸಣ್ಣಗೆ ಅರದಲ್ಲಿ ಉಜ್ಜಿದೆ, ಗ್ರೀಸು ಹಾಕಿದೆ. ಎಳೆಯುವ ಮುಂಚೆ ರಿಂಗನ್ನು ಕಾಲು ಸುತ್ತು ತಿರುಗಿಸಿದರೆ ಹಿಡಿತ ಬಿಡುತ್ತದೆ ಅಂತ ಕಂಡುಕೊಂಡೆ. ಕೊನೆಗೆ ನಾನೇ ತೊಲೆಯಿಂದ ಪಟ್ಟಿಯಲ್ಲಿ ನೇತಾಡಿ, ತಿರುಗಿಸಿ, ಎಳೆದೆ. ನೆಲಕ್ಕೆ ಬಿದ್ದ ರಭಸಕ್ಕೆ ಎಂಟು ದಿನ ಕೂರಲಾಗಲಿಲ್ಲ.

ಸಿಂಗಟಗೆರೆಯವನು ಬಂದ. ನಾನು ದೂರ ನಿಂತೆ. ಅವನೇ ಪಟ್ಟಿ ಎಳೆದುಕೊಂಡ, ಅವನೇ ಪಿನ್ನು ಹಾಕಿದ, ಸ್ವಲ್ಪ ಹೊತ್ತು ಕೂತ, ಅವನೇ ಬಿಚ್ಚಿದ. ಇದನ್ನ ನನ್ನ ಬಿಟ್ಟು ಬೇರೆ ಯಾರೂ ಮುಟ್ಟಬಾರದು, ನೀವೂ ಅಷ್ಟೇ ಅಂದ. ಒಪ್ಪಿದೆ. ಹೋಟೆಲಿನಲ್ಲಿ ಉಳಿದ ಡ್ರೈವರುಗಳು ಅವನನ್ನು ತೊಟ್ಟಿಲ ಕೂಸು ಅಂತ ಕರೆಯತೊಡಗಿದರು. ಅವನು ಕೇಳಿಸಿಕೊಳ್ಳದವನ ಹಾಗೆ ಟೀ ಕುಡಿದು ಎದ್ದು ಹೋಗುತ್ತಿದ್ದನಂತೆ.

ಮಳೆಗಾಲ ಕಳೆದು ಈರುಳ್ಳಿ ಕಿತ್ತ ಕಾಲ. ಸಾಹುಕಾರರ ಮಂಡಿಯ ಬಾಗಿಲು ರಿಪೇರಿಗೆ ಅಂತ ನಾನು ಅಜ್ಜಂಪುರದಲ್ಲಿದ್ದೆ. ಬೆಳಗ್ಗೆ ಹತ್ತರ ಸುಮಾರಿಗೆ ಲೋಡು ತುಂಬಿಕೊಂಡು ಅವನು ಒಬ್ಬನೇ ತರೀಕೆರೆ ಕಡೆ ಹೊರಟಿದ್ದ. ಅರ್ಧ ಗಂಟೆಯೂ ಆಗಿರಲಿಲ್ಲ, ಸೈಕಲ್ಲಿನಲ್ಲಿ ಒಬ್ಬ ಏದುಸಿರು ಬಿಡುತ್ತ ಬಂದ. ಲಾರಿ ಮೋರಿ ಪಕ್ಕದ ಹಳ್ಳಕ್ಕೆ ಬಿದ್ದಿದೆ, ಡ್ರೈವರು ಒಳಗೆ ನೇತಾಡುತ್ತಿದ್ದಾನೆ ಅಂದ.

ನೇತಾಡುತ್ತಿದ್ದಾನೆ ಅಂದ ಮಾತಿಗೆ ಉಳಿ ಬಿಸಾಕಿ ಎದ್ದೆ. ಕಟ್ಟಿದವನು ನಾನು. ಹಾರುವ ಬಾಗಿಲನ್ನು ಕಿತ್ತುಹಾಕಿದವನೂ ನಾನು. ಅವನ ತಾಯಿಯ ಮುಂದೆ ಯಾವ ಮುಖ ಹೊತ್ತುಕೊಂಡು ಹೋಗಲಿ? ಸಾಹುಕಾರರ ಜೀಪಿನಲ್ಲಿ ಕೂತು ಹೋಗುವಾಗ ದಾರಿಯುದ್ದಕ್ಕೂ ಇದೊಂದೇ ಯೋಚನೆ.

ಹೊಲದಿಂದ ಒಂದು ಎತ್ತಿನ ಗಾಡಿ ಸರಕ್ಕನೆ ರಸ್ತೆಗೆ ಏರಿತ್ತಂತೆ. ಅದನ್ನು ತಪ್ಪಿಸಲು ಹೋಗಿ ಲಾರಿ ಮೋರಿಯ ಅಂಚು ಜಾರಿ, ಮೂತಿ ಕೆಳಗಾಗಿ ಒಣಗಿದ ಹಳ್ಳದಲ್ಲಿ ನಿಂತಿತ್ತು. ಹಿಂದಿನ ಚಕ್ರ ಇನ್ನೂ ರಸ್ತೆಯ ಮಟ್ಟದಲ್ಲೇ. ಮುಂದಿನ ಗಾಜು ಪೂರ್ತಿ ಉದುರಿಹೋಗಿತ್ತು. ಆ ತೆರೆದ ಕಿಟಕಿಯ ನೇರಕ್ಕೆ ಆಳೆತ್ತರ ಕೆಳಗೆ ಬಂಡೆಗಳು. ಅವನು ಆ ಬಂಡೆಗಳ ಮೇಲೆ ಮುಂದಕ್ಕೆ ಬಾಗಿ, ನವಾರಿನ ಪಟ್ಟಿಯಲ್ಲಿ ಜೋತುಬಿದ್ದಿದ್ದ. ಕಾಲುಗಳನ್ನು ಬ್ರೇಕು ಪೆಡಲಿನ ಹಲಗೆಗೆ ಊರಿಕೊಂಡಿದ್ದ. ಕಣ್ಣು ತೆರೆದಿತ್ತು.

ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು. ಒಬ್ಬ ಮಚ್ಚು ಹಿಡಿದುಕೊಂಡು ಪಟ್ಟಿ ಕೊಯ್ಯಲು ಹತ್ತಿದ್ದವನು ಹಾಗೇ ನಿಂತಿದ್ದ. ಯಾರೂ ಮುಟ್ಬೇಡಿ ಅಂತಾನೆ ಕಣ್ರೀ, ತಲೆಗೆ ಏಟು ಬಿದ್ದಿರ್ಬೇಕು ಅಂದ. ಅವನ ತಲೆಗೆ ಏನೂ ಆಗಿರಲಿಲ್ಲ. ಸ್ಟೀರಿಂಗ್ ರಭಸವಾಗಿ ತಿರುಗಿ ಬಲಗೈಯ ಮಣಿಕಟ್ಟಿಗೆ ಹೊಡೆದಿತ್ತು, ಕೈ ಊದಿ ಬಾಗಿತ್ತು. ಪಿನ್ನಿನ ರಿಂಗನ್ನು ನಾನು ಬಲಗೈಗೆ ಸಿಗುವ ಹಾಗೆ ಇಟ್ಟಿದ್ದೆ. ಎಡಗೈಯಲ್ಲಿ ಎಳೆದು ನೋಡಿದ್ದ, ಬಂದಿರಲಿಲ್ಲ.

ಕೊಯ್ದಿದ್ದರೆ ತಲೆಕೆಳಗಾಗಿ ಬಂಡೆಯ ಮೇಲೆ ಬೀಳುತ್ತಿದ್ದ. ಮೊದಲು ಜನರನ್ನು ಕರೆದು, ಚೆಲ್ಲಾಡಿದ್ದ ಈರುಳ್ಳಿ ಮೂಟೆಗಳನ್ನು ಕಿಟಕಿಯ ಕೆಳಗೆ ಒಟ್ಟಿಸಿದೆ. ಆಮೇಲೆ ಮೂತಿಯ ಮೇಲೆ ಹತ್ತಿ ಅವನ ಮುಖದ ಹತ್ತಿರ ಹೋದೆ. ನನ್ನ ಕೈ ತಾನಾಗಿಯೇ ಪಿನ್ನಿನ ಕಡೆಗೆ ಹೋಯಿತು.

"ಬ್ಯಾಡ ಮೇಸ್ತ್ರಿ," ಅಂದ. "ಎಡಗೈಲಿ ಹೆಂಗೆ ಅಂತ ಹೇಳಿ. ನಾನೇ ತೆಗೀತೀನಿ."

ಕೈ ಹಿಂದಕ್ಕೆ ತೆಗೆದುಕೊಂಡೆ. ಅವನಿಗೆ ಜೀವದಷ್ಟೇ ಅಯ್ಯನವರ ಮಾತೂ ಮುಖ್ಯ ಅಂತ ನನಗೆ ಗೊತ್ತಿತ್ತು. ಕಾಲು ಗಟ್ಟಿಯಾಗಿ ಒತ್ತು, ಸೊಂಟ ಹಿಂದಕ್ಕೆ ತಗೋ, ಪಟ್ಟಿಯ ಮೇಲಿನ ಭಾರ ಇಳಿಯಲಿ ಅಂದೆ. ಒತ್ತಿದ. ನೋವಿಗೆ ಹಲ್ಲು ಕಚ್ಚಿದ. ಈಗ ರಿಂಗು ಕಾಲು ಸುತ್ತು ತಿರುಗಿಸು, ನಿನ್ನ ಕಡೆಗೆ ಅಂದೆ. ತಿರುಗಲಿಲ್ಲ. ಬೆವರಿಗೆ ಬೆರಳು ಜಾರುತ್ತಿತ್ತು. ಪಂಚೆಯ ಅಂಚಿನಲ್ಲಿ ಹಿಡಿ ಅಂದೆ. ಹಿಡಿದ, ಇನ್ನೊಂದು ಸಲ ತಿರುಗಿಸಿದ. ಟಕ್ ಅಂತು. ಎಳಿ ಕಣೋ ಅಂದೆ. ಎಳೆದ. ಪಟ್ಟಿ ಎರಡಾಗಿ ಬಿಚ್ಚಿಕೊಂಡಿತು, ಅವನು ನನ್ನ ಹೆಗಲಿಗೆ ತಾಗಿ, ಇಬ್ಬರೂ ಒಟ್ಟಿಗೆ ಈರುಳ್ಳಿ ಮೂಟೆಯ ಮೇಲೆ ಬಿದ್ದೆವು.

ಜಜ್ಜಿದ ಈರುಳ್ಳಿಯ ಘಾಟಿಗೆ ಅಲ್ಲಿದ್ದವರ ಕಣ್ಣಲ್ಲೆಲ್ಲ ನೀರು. ನನ್ನ ಕಣ್ಣಲ್ಲೂ ಬಂತು. ಈರುಳ್ಳಿ ಅಂತ ಸಾಹುಕಾರರಿಗೆ ಹೇಳಿದೆ. ಸುಳ್ಳು. ನಾನು ಅತ್ತೆ.

ತರೀಕೆರೆ ಆಸ್ಪತ್ರೆಯಲ್ಲಿ ಕೈಗೆ ಸಿಮೆಂಟಿನ ಪಟ್ಟು ಹಾಕಿದರು. ಸೊಂಟದ ಮೇಲೆ ನವಾರಿನ ನೇಯ್ಗೆ ಅಚ್ಚು ಒತ್ತಿದ ಹಾಗೆ ನೀಲಿಗಟ್ಟಿತ್ತು. ಬೇರೆ ಏನೂ ಇಲ್ಲ. ಲಾರಿ ಮತ್ತೆ ನನ್ನ ಶೆಡ್ಡಿಗೆ ಬಂತು. ಈ ಸಲ ರಿಂಗನ್ನು ದೊಡ್ಡದು ಮಾಡಿ ನಡುಮಧ್ಯಕ್ಕೆ ತಂದೆ, ಎರಡು ಕೈಗೂ ಸಿಗುವ ಹಾಗೆ. ಹೋಟೆಲಿನಲ್ಲಿ ತೊಟ್ಟಿಲ ಕೂಸು ಅನ್ನುವುದು ನಿಂತಿತು. ಆದರೆ ಪಟ್ಟಿ ಹಾಕಿಕೊಡಿ ಅಂತ ಬಂದವರು ಇಬ್ಬರೇ. ಉಳಿದವರು ಆಮೇಲೂ ಮೊಣಕೈ ಬಾಗಿಲನ್ನೇ ಕೇಳುತ್ತಿದ್ದರು. ನಾನು ಮಾಡಿಕೊಡಲಿಲ್ಲ. ಬೇರೆ ಶೆಡ್ಡಿಗೆ ಹೋಗುತ್ತಿದ್ದರು, ಹೋಗಲಿ.

ಕೈಯ ಪಟ್ಟು ಬಿಚ್ಚಿದ ಮೇಲೆ ಅವನು ಲಾರಿ ಒಯ್ಯಲು ಬಂದ. ಜೊತೆಗೆ ತಾಯಿಯೂ ಬಂದಿದ್ದಳು, ಸೆರಗಿನಲ್ಲಿ ಒಂದು ತೆಂಗಿನಕಾಯಿ. ಚಕ್ರದ ಮುಂದೆ ಒಡೆದಳು. ಆಮೇಲೆ ಮಗನನ್ನು ಹತ್ತಿ ಕೂರಲು ಹೇಳಿ, ತಾನು ಕೆಳಗೆ ತೆರೆದ ಬಾಗಿಲ ಹತ್ತಿರ ನಿಂತಳು. ಅವನು ಪಟ್ಟಿ ಎಳೆದುಕೊಂಡು ಪಿನ್ನು ಹಾಕಿದ. ಅವಳ ಕೈ ಪಟ್ಟಿಯ ತನಕ ಹೋಗಿ, ಮುಟ್ಟದೆ ವಾಪಸು ಬಂತು.

"ಈಗ ಬಿಚ್ಚು ಮಗಾ," ಅಂದಳು.

ಅವನು ಬಿಚ್ಚಿದ. ಪಟ್ಟಿ ತೊಡೆಯ ಎರಡು ಪಕ್ಕ ಬಿತ್ತು. ಅವಳು ಅದನ್ನೇ ನೋಡುತ್ತ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅವನು ಲಾರಿ ಸ್ಟಾರ್ಟ್ ಮಾಡಲು ಬಗ್ಗಿದ. ತಾಯಿ ಬಾಗಿಲು ಬಿಡಲಿಲ್ಲ.

"ಇನ್ನೊಂದ್ಸಲ ಹಾಕ್ಕೊಂಡು ಬಿಚ್ಚು," ಅಂದಳು.